ಶ್ರೇಯಾಂಸ: ಕಲ್ಪೆಟ್ಟದ ಒಂದು ಹೆಸರಿನ ಅರ್ಥ, ಚರಿತ್ರೆ ಮತ್ತು ಜನಪ್ರಿಯತೆ

(ಗಡಿನಾಡಿನ ಹೆಸರುಗಳನ್ನು ಕುರಿತ ಅಂತರ್ಜಾಲ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ದನಿ ಸರಿಯಾಗಿ ಕೇಳ್ತಾ ಇದೆ ಅಂದುಕೊಳ್ಳುತ್ತೇನೆ. ನಾನು ಕಲ್ಪೆಟ್ಟದಿಂದ ಮಾತಾಡ್ತಿದ್ದೇನೆ. ಇಲ್ಲಿ ಮಳೆ ಹಿಡಿದಿದೆ, ನಡುವೆ ಕರೆಂಟು ಹೋದರೆ ದಯವಿಟ್ಟು ಎರಡು ನಿಮಿಷ ಕಾಯಬೇಕು.

ಈ ಗೋಷ್ಠಿಯಲ್ಲಿ ಊರಿನ ಹೆಸರು, ಮನೆತನದ ಹೆಸರುಗಳ ಬಗ್ಗೆ ಬೇರೆಯವರು ಮಾತಾಡುವವರಿದ್ದಾರೆ. ನಾನು ಒಂದೇ ಒಂದು ಹೆಸರು ಹಿಡಿದುಕೊಂಡು ಬಂದಿದ್ದೇನೆ. ಶ್ರೇಯಾಂಸ. ಇದರ ತಮ್ಮನಂತಿರುವ 'ಶ್ರೇಯಸ್' ಕರ್ನಾಟಕದ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಆದರೆ 'ಶ್ರೇಯಾಂಸ' ಅನ್ನುವ ಪೂರ್ತಿ ರೂಪ, ಅದಕ್ಕೆ ಅಂಟಿಕೊಂಡಿರುವ ಕತೆಯ ಸಮೇತ, ವಯನಾಡಿನಂಥ ಕೆಲವು ಕಡೆ ಮಾತ್ರ ಉಳಿದಿದೆ. ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಿದರೆ ಅರ್ಧ ಸಿಗುತ್ತೆ. ಉಳಿದರ್ಧ ಇರುವುದು ಕತೆಯಲ್ಲಿ. ಕತೆ ಬಿಟ್ಟುಹೋದರೆ ಹೆಸರು ಉಳಿಯಬಹುದು, ಆದರೆ ಅದು ಬೇರೆಯದೇ ಹೆಸರಾಗಿ ಉಳಿಯುತ್ತೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

1. ಮೂರು ತಲೆಮಾರು, ಮೂರು ಹೆಸರು

ಎಲ್ಲರಿಗೂ ಗೊತ್ತಿರುವ ಕಡೆಯಿಂದ ಶುರು ಮಾಡೋಣ. ಕಲ್ಪೆಟ್ಟ ಅಂದ ಕೂಡಲೇ ಕೇರಳದವರಿಗೆ ನೆನಪಾಗುವ ಸಾರ್ವಜನಿಕ ವ್ಯಕ್ತಿ ಎಂ.ಪಿ. ವೀರೇಂದ್ರಕುಮಾರ್. 1936ರಲ್ಲಿ ಕಲ್ಪೆಟ್ಟದಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡರು. ಸಮಾಜವಾದಿ ರಾಜಕಾರಣಿ, ಸಂಸದರು, ಕೇಂದ್ರದಲ್ಲಿ ಮಂತ್ರಿ, 'ಮಾತೃಭೂಮಿ' ಪತ್ರಿಕೆಯ ಮುಖ್ಯಸ್ಥರು, ಮಲಯಾಳಂ ಲೇಖಕರು. ಹಿಮಾಲಯದ ಪ್ರವಾಸ ಕಥನ 'ಹೈಮವತಭೂವಿಲ್' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಲಯಾಳಂ ಓದುಗರಿಗೆ ಅವರು ಮಲಯಾಳಿಯೇ. ಆದರೆ ಅವರ ಮನೆಯವರ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ.

ತಂದೆ ಎಂ.ಕೆ. ಪದ್ಮಪ್ರಭ ಗೌಡರ್. ತಾಯಿ ಮರುದೇವಿ ಅವ್ವ. ಮಗ ಎಂ.ವಿ. ಶ್ರೇಯಾಂಸ್ ಕುಮಾರ್, 2006ರಿಂದ 2016ರವರೆಗೆ ಕಲ್ಪೆಟ್ಟದ ಶಾಸಕರು, ಆಮೇಲೆ 2022ರವರೆಗೆ ರಾಜ್ಯಸಭಾ ಸದಸ್ಯರಾಗಿದ್ದವರು.

ಕರ್ನಾಟಕದವರು ಈ ಸಾಲು ಕೇಳಿದರೆ ಕಿವಿ ನಿಮಿರುತ್ತೆ. 'ಗೌಡ', 'ಅವ್ವ' ಎರಡೂ ನಮ್ಮ ಮಾತು. ಗೌಡ ಅನ್ನುವುದು ಇಲ್ಲಿ ಮಲಯಾಳಂ ನಾಲಗೆಗೆ ಸಿಕ್ಕಿ 'ಗೌಡರ್' ಆಗಿದೆ, ಅಷ್ಟೆ. ಉಳಿದ ಹೆಸರುಗಳೆಲ್ಲ ಜೈನ ಪುರಾಣದಿಂದ ಬಂದವು. ಪದ್ಮಪ್ರಭ ಆರನೆಯ ತೀರ್ಥಂಕರ. ಮರುದೇವಿ ಮೊದಲ ತೀರ್ಥಂಕರ ಋಷಭನ ತಾಯಿ. ವೀರೇಂದ್ರ ಅನ್ನುವಲ್ಲಿ 'ವೀರ' ಇದೆ, ಜೈನರ ಕಿವಿಗೆ ಅದು ಮಹಾವೀರನನ್ನೇ ನೆನಪಿಸುತ್ತೆ. ಧರ್ಮಸ್ಥಳದ ಹೆಗ್ಗಡೆಯವರ ಹೆಸರೂ ಅದೇ. ಶ್ರೇಯಾಂಸ ಹನ್ನೊಂದನೆಯ ತೀರ್ಥಂಕರ.

ಇನ್ನೊಂದು ಸಂಗತಿ ಗಮನಿಸಿ. ಅಜ್ಜನ ಹೆಸರು ತೀರ್ಥಂಕರನ ಹೆಸರು, ಬಾಲವಿಲ್ಲ. ಮಗನ ಕಾಲಕ್ಕೆ ಇಪ್ಪತ್ತನೆಯ ಶತಮಾನದ ಭಾರತದ ತುಂಬ ಹರಡಿದ 'ಕುಮಾರ್' ಬಂದು ಸೇರಿಕೊಂಡಿತು. ಮೊಮ್ಮಗನಲ್ಲಿ 'ಕುಮಾರ್' ಉಳಿಯಿತು, ಮುಂದುಗಡೆ ಮತ್ತೆ ತೀರ್ಥಂಕರ ಬಂದ. ಇನಿಷಿಯಲ್ಲುಗಳಲ್ಲಿ 'ಎಂ' ಮನೆತನದ ಗುರುತಾಗಿ ಹಾಗೇ ನಿಂತಿದೆ. ಅದರ ಪಕ್ಕದ ಅಕ್ಷರ ಮಾತ್ರ ತಲೆಮಾರಿಗೊಮ್ಮೆ ತಂದೆಯ ಹೆಸರು ಹೊತ್ತು ಬದಲಾಗುತ್ತೆ. ಪದ್ಮಪ್ರಭರ ಮಗ ಎಂ.ಪಿ., ವೀರೇಂದ್ರರ ಮಗ ಎಂ.ವಿ. ಇಡೀ ವಂಶಾವಳಿ ಎರಡಕ್ಷರದಲ್ಲಿ ಮಡಚಿ ಇಟ್ಟಂತಿದೆ.

ಇದು ಒಂದು ಮನೆಯ ಮಾತು ಮಾತ್ರ ಅಲ್ಲ. 2011ರ ಜನಗಣತಿಯಂತೆ ಇಡೀ ಕೇರಳದಲ್ಲಿ ಜೈನರು ಸುಮಾರು 4,500 ಮಂದಿ. ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಇಷ್ಟು ಸಣ್ಣ ಸಮುದಾಯಕ್ಕೆ ಹೆಸರು ಅನ್ನುವುದು ಗುರುತಿನ ಚೀಟಿ ಇದ್ದ ಹಾಗೆ. ವಯನಾಡಿನ ಜೈನರ ಮನೆಮಾತು ಮೂಲತಃ ಕನ್ನಡ, ಓದು ಬರಹ ಮಲಯಾಳಂ. ಬರಹ ಬದಲಾದರೂ ಹೆಸರು ಬದಲಾಗಲಿಲ್ಲ. ಹಾಗಾಗಿ ಹೆಸರು ಇಲ್ಲಿ ಒಂದು ದಾಖಲೆ.

2. ಪದದ ಒಳಗೆ ಏನಿದೆ?

ಮಗುವಿನ ಹೆಸರಿನ ಪುಸ್ತಕ ತೆಗೆದರೆ ಶ್ರೇಯಸ್ ಅಂದರೆ 'ಶುಭ', 'ಕೀರ್ತಿ', 'ಉತ್ತಮ' ಅಂತೆಲ್ಲ ಇರುತ್ತೆ. ಯಾವುದೂ ಪೂರ್ತಿ ತಪ್ಪಲ್ಲ, ಯಾವುದೂ ಪೂರ್ತಿ ಸರಿಯೂ ಅಲ್ಲ.

ಸಂಸ್ಕೃತ ವ್ಯಾಕರಣದಲ್ಲಿ 'ಶ್ರೇಯಸ್' ಎರಡರಲ್ಲಿ ಯಾವುದು ಮೇಲು ಎಂದು ಹೇಳುವ ರೂಪ. ಎಲ್ಲಕ್ಕಿಂತ ಮೇಲಾದುದಕ್ಕೆ 'ಶ್ರೇಷ್ಠ' ಅನ್ನುತ್ತೇವೆ. ಪಾಣಿನಿ ಇವೆರಡನ್ನೂ 'ಪ್ರಶಸ್ಯ', ಅಂದರೆ ಹೊಗಳಿಕೆಗೆ ತಕ್ಕದ್ದು, ಎಂಬ ಪದಕ್ಕೆ ಜೋಡಿಸುತ್ತಾನೆ. ಅಂದರೆ ಶ್ರೇಯಸ್ ಅನ್ನುವ ಮಗು 'ಎಲ್ಲರಿಗಿಂತ ದೊಡ್ಡವನು' ಅಲ್ಲ. ಎರಡು ದಾರಿ ಇದ್ದಾಗ ಮೇಲಾದ ದಾರಿ, ಅದು ಶ್ರೇಯಸ್. ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಹೇಳುವ ಶ್ರೇಯಸ್ಸು ಮತ್ತು ಪ್ರೇಯಸ್ಸಿನ ವ್ಯತ್ಯಾಸ ನಿಮಗೆಲ್ಲ ಗೊತ್ತು. ಹಿತವಾದದ್ದು ಒಂದು, ಪ್ರಿಯವಾದದ್ದು ಇನ್ನೊಂದು, ಆರಿಸಿಕೊಳ್ಳಬೇಕು. ಗೀತೆಯಲ್ಲೂ ಸ್ವಧರ್ಮದ ಮಾತು ಬರುವಾಗ 'ಶ್ರೇಯಾನ್' ಅನ್ನುವುದು ಇದೇ ಹೋಲಿಕೆಯ ಅರ್ಥದಲ್ಲಿ. ಪದದ ಒಳಗೇ ಒಂದು ಆಯ್ಕೆ ಕೂತಿದೆ.

ಇನ್ನು ಕನ್ನಡಕ್ಕೆ ಬಂದರೆ 'ಯಶಸ್ಸು, ಶ್ರೇಯಸ್ಸು ನಿಮ್ಮದಾಗಲಿ' ಎನ್ನುವ ಹರಕೆಯ ಮಾತಿದೆ. 'ಶ್ರೇಯೋಭಿವೃದ್ಧಿ' ಅಂತ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತೆ. ಇತ್ತೀಚೆಗೆ ಪತ್ರಿಕೆಗಳಲ್ಲಿ 'ಈ ಯೋಜನೆಯ ಶ್ರೇಯ ಯಾರಿಗೆ ಸಲ್ಲಬೇಕು' ಅಂತ ಕಿತ್ತಾಟವೂ ಬರುತ್ತೆ. ಅಲ್ಲಿ ಶ್ರೇಯ ಅಂದರೆ ಹೆಗ್ಗಳಿಕೆಯ ಹಕ್ಕು. ಉಪನಿಷತ್ತಿನಲ್ಲಿ ಹಿತ, ಹರಕೆಯಲ್ಲಿ ಏಳಿಗೆ, ರಾಜಕೀಯದಲ್ಲಿ ಕ್ರೆಡಿಟ್ಟು. ಒಂದೇ ಪದ.

ಹಾಗಾದರೆ 'ಶ್ರೇಯಾಂಸ' ಎಲ್ಲಿಂದ ಬಂತು? ಇದೇ ಶ್ರೇಯಸ್ ಪದಕ್ಕೆ ವಿಭಕ್ತಿ ಹತ್ತಿದಾಗ 'ಶ್ರೇಯಾಂಸೌ', 'ಶ್ರೇಯಾಂಸಃ' ಅನ್ನುವ ರೂಪಗಳು ಬರುತ್ತವೆ. ಆ 'ಶ್ರೇಯಾಂಸ್' ಅಂಗಕ್ಕೆ ಅಕಾರ ಸೇರಿ ಹೆಸರಾಗಿದೆ. ಪ್ರಾಕೃತದಲ್ಲಿ ಇದು 'ಸೆಜ್ಜಂಸ'. ಜೈನ ಆಗಮಗಳ ಭಾಷೆ ಪ್ರಾಕೃತವಾದ್ದರಿಂದ ಈ ಹೆಸರಿನ ಹಳೆಯ ದಾಖಲೆಗಳು ಆ ರೂಪದಲ್ಲೇ ಇವೆ. ಕಲ್ಪಸೂತ್ರದಲ್ಲಿ ಮಹಾವೀರನ ತಂದೆ ಸಿದ್ಧಾರ್ಥನಿಗೆ ಮೂರು ಹೆಸರು ಹೇಳಿದೆ. ಅವುಗಳಲ್ಲಿ ಸೆಜ್ಜಂಸವೂ ಒಂದು. ಅಂದರೆ ತೀರ್ಥಂಕರನಿಗೆ ಮಾತ್ರ ಮೀಸಲಾದ ಹೆಸರಲ್ಲ ಇದು. ಮನುಷ್ಯರು ಇಟ್ಟುಕೊಳ್ಳುತ್ತಿದ್ದ ಹೆಸರು.

ಇಲ್ಲೊಂದು ಸ್ವಾರಸ್ಯ ಇದೆ. ಪ್ರಾಕೃತದಲ್ಲಿ 'ಸೆಜ್ಜಾ' ಅಂದರೆ ಹಾಸಿಗೆ, ಶಯ್ಯೆ. ಶ್ವೇತಾಂಬರ ಪರಂಪರೆಯ ಆವಶ್ಯಕ ನಿರ್ಯುಕ್ತಿಯಲ್ಲಿ ಹೆಸರಿನ ಕಾರಣ ಹೀಗಿದೆ: ಹನ್ನೊಂದನೆಯ ತೀರ್ಥಂಕರ ಗರ್ಭದಲ್ಲಿದ್ದಾಗ ತಾಯಿಗೆ ಒಂದು ಬೆಲೆಬಾಳುವ ಶಯ್ಯೆಯನ್ನು ಏರುವ ಬಯಕೆ ಹುಟ್ಟಿತು, ಆದ್ದರಿಂದ ಮಗು ಸೆಜ್ಜಂಸ. ವ್ಯಾಕರಣದವರು ಇದನ್ನು ಒಪ್ಪಲಾರರು. ಆದರೆ ಹೆಸರಿಗೊಂದು ಕತೆ ಬೇಕು, ಕತೆಗೊಂದು ಬಸುರಿಯ ಬಯಕೆ ಬೇಕು ಅನ್ನುವ ಆಸೆ ಎಷ್ಟು ಹಳೆಯದು ನೋಡಿ. ಇವತ್ತು ಮೊಬೈಲಿನಲ್ಲಿ ಹೆಸರಿನ ಅರ್ಥ ಹುಡುಕುವ ತಾಯಿ-ತಂದೆಯರಿಗೂ ಆ ಕಾಲದ ವ್ಯಾಖ್ಯಾನಕಾರರಿಗೂ ಬೇಕಾಗಿದ್ದು ಒಂದೇ.

3. ಇಬ್ಬರು ಶ್ರೇಯಾಂಸರು

ಈಗ ಕತೆಗೆ ಬರುತ್ತೇನೆ. ಜೈನ ಪುರಾಣದಲ್ಲಿ ಶ್ರೇಯಾಂಸ ಅನ್ನುವ ಪ್ರಸಿದ್ಧರು ಇಬ್ಬರು. ಇವರನ್ನು ಒಬ್ಬರಲ್ಲೊಬ್ಬರು ಬೆರೆಸಬಾರದು.

ಒಬ್ಬ ಹನ್ನೊಂದನೆಯ ತೀರ್ಥಂಕರ ಶ್ರೇಯಾಂಸನಾಥ. ಹುಟ್ಟಿದ್ದು ಸಿಂಹಪುರಿಯಲ್ಲಿ. ಅದು ಕಾಶಿಯ ಪಕ್ಕದ ಸಾರನಾಥ ಎಂದು ಜೈನರು ಗುರುತಿಸುತ್ತಾರೆ. ಬೌದ್ಧರ ಧಮೇಖ ಸ್ತೂಪದ ಹತ್ತಿರವೇ ಅವನ ಬಸದಿ ಇದೆ. ಲಾಂಛನ ಖಡ್ಗಮೃಗ. ಮೋಕ್ಷ ಸಮ್ಮೇದಶಿಖರದಲ್ಲಿ. ಅವನ ಚರಿತೆ ಸಂಸ್ಕೃತದಲ್ಲಿ ಗುಣಭದ್ರನ ಉತ್ತರಪುರಾಣದಲ್ಲಿದೆ. ಈ ಗ್ರಂಥ ಒಂಬತ್ತನೆಯ ಶತಮಾನದ ಕೊನೆಗೆ, ಈಗಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಪೂಜೆಗೊಂಡಿತು. ಕನ್ನಡದಲ್ಲಿ 978ರ ಚಾವುಂಡರಾಯಪುರಾಣ ಇಪ್ಪತ್ನಾಲ್ಕು ತೀರ್ಥಂಕರರ ಕತೆಯನ್ನೂ ಗದ್ಯದಲ್ಲಿ ಹೇಳುತ್ತೆ. ಅಂದರೆ ಹೆಸರು ಗಂಗಾತೀರದ್ದಾದರೂ ಅದರ ಪುರಾಣ ಬೆಳೆದದ್ದು ನಮ್ಮ ನೆಲದಲ್ಲಿ.

ಇನ್ನೊಬ್ಬ ಶ್ರೇಯಾಂಸ ಹಸ್ತಿನಾಪುರದ ರಾಜಕುಮಾರ. ಅಲ್ಲಿನ ರಾಜ ಸೋಮಪ್ರಭನ ತಮ್ಮ. ನನ್ನ ಮಟ್ಟಿಗೆ ಹೆಸರಿನ ಜೀವ ಇರುವುದು ಈತನಲ್ಲಿ. ಜಿನಸೇನನ ಸಂಸ್ಕೃತ ಆದಿಪುರಾಣ, ಅದನ್ನು ಅನುಸರಿಸಿ 941ರಲ್ಲಿ ಪಂಪ ಬರೆದ ಕನ್ನಡ ಆದಿಪುರಾಣ, ಇವುಗಳ ದಾರಿಯಲ್ಲಿ ಕತೆ ಹೀಗೆ.

ಋಷಭದೇವ ರಾಜ್ಯ ಬಿಟ್ಟು ದೀಕ್ಷೆ ತೊಟ್ಟ. ಆರು ತಿಂಗಳು ಅನ್ನ ನೀರಿಲ್ಲದೆ ಧ್ಯಾನಕ್ಕೆ ನಿಂತ. ಆಮೇಲೆ ಆಹಾರಕ್ಕೆ ಹೊರಟ. ಅವನು ಮೊದಲ ಮುನಿ. ಮುನಿಗೆ ಹೇಗೆ ಊಟ ಹಾಕಬೇಕು ಅನ್ನುವುದು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಜನ ಭಕ್ತಿಯಿಂದ ಓಡಿ ಬರುತ್ತಾರೆ, ರತ್ನ ತರುತ್ತಾರೆ, ಆನೆ ಕುದುರೆ ತರುತ್ತಾರೆ, ಕನ್ಯೆಯರನ್ನು ಒಪ್ಪಿಸುತ್ತಾರೆ. ಹಸಿದವನಿಗೆ ಬೇಕಾದ ಒಂದು ತುತ್ತು ಮಾತ್ರ ಯಾರೂ ಕ್ರಮವಾಗಿ ಕೊಡುವುದಿಲ್ಲ. ಕೇಳುವ ಹಾಗಿಲ್ಲ, ಮುನಿ. ಹೀಗೆ ತಿರುಗುತ್ತಾ ವರ್ಷವಾಗುತ್ತೆ.

ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ರಾತ್ರಿ ಕನಸು ಬೀಳುತ್ತೆ. ಮೇರುಪರ್ವತ, ಕಲ್ಪವೃಕ್ಷ, ಹೀಗೆ. ಮಾರನೆಯ ದಿನ ಋಷಭ ಊರೊಳಗೆ ಬರುತ್ತಾನೆ. ನೋಡಿದ ಕೂಡಲೇ ಶ್ರೇಯಾಂಸನಿಗೆ ಹಿಂದಿನ ಜನ್ಮ ನೆನಪಾಗುತ್ತೆ. ಆ ಜನ್ಮದಲ್ಲಿ ತಾನು ಶ್ರೀಮತಿ. ಎದುರಿಗೆ ನಿಂತಿರುವವನು ವಜ್ರಜಂಘ. ಇಬ್ಬರೂ ಗಂಡ ಹೆಂಡತಿಯಾಗಿದ್ದಾಗ ಕಾಡಿನಲ್ಲಿ ಇಬ್ಬರು ಚಾರಣಮುನಿಗಳಿಗೆ ಆಹಾರ ಕೊಟ್ಟಿದ್ದರು. ಕೊಡುವ ಕ್ರಮ ಆ ನೆನಪಿನಿಂದ ಬಂತು. ಮನೆಯಲ್ಲಿದ್ದ ಕಬ್ಬಿನ ಹಾಲನ್ನು ಕೈಗೆರೆದು ಪಾರಣೆ ಮಾಡಿಸಿದ. ಅದು ವೈಶಾಖ ಶುದ್ಧ ತದಿಗೆ, ಇವತ್ತಿನ ಅಕ್ಷಯ ತದಿಗೆ.

ಕನ್ನಡ ಎಂ.ಎ. ಮಾಡಿದವರಿಗೆ ಇಲ್ಲಿ ಮೈ ಜುಮ್ಮೆನ್ನಬೇಕು. ಪಂಪನ ಶ್ರೀಮತಿ-ವಜ್ರಜಂಘರ ಪ್ರಸಂಗವನ್ನು ನಾವು ಪ್ರೇಮಕತೆಯಾಗಿ ಓದಿದ್ದೇವೆ. ಅದರ ಹಿಂದಿನ ಜನ್ಮದ ಸ್ವಯಂಪ್ರಭೆ-ಲಲಿತಾಂಗರನ್ನೂ ಓದಿದ್ದೇವೆ. ಶಯ್ಯಾಗೃಹದ ಧೂಪದ ಹೊಗೆಯಲ್ಲಿ ಉಸಿರುಕಟ್ಟಿ ಒಬ್ಬರನ್ನೊಬ್ಬರು ತಬ್ಬಿ ಸಾಯುವ ಭಾಗ ಪಠ್ಯವಾಗಿತ್ತು. ಅಲ್ಲಿಗೆ ಪುಸ್ತಕ ಮುಚ್ಚಿಬಿಡ್ತೇವೆ. ಆ ಶ್ರೀಮತಿಯೇ ಹಲವು ಜನ್ಮ ದಾಟಿ ಶ್ರೇಯಾಂಸನಾಗಿ ಬಂದಳು ಅನ್ನುವುದು ಪಠ್ಯದ ಆಚೆ ಉಳಿದುಹೋಗುತ್ತೆ. ಅಷ್ಟು ಜನ್ಮದ ಪ್ರೀತಿಯಲ್ಲಿ ಕಡೆಗೆ ಕೆಲಸಕ್ಕೆ ಬಂದ ನೆನಪು ಯಾವುದು? ಅಪ್ಪುಗೆಯದಲ್ಲ. ಇಬ್ಬರೂ ಸೇರಿ ಒಮ್ಮೆ ಅನ್ನವಿಟ್ಟದ್ದು.

ಹೀಗಾಗಿ ಜೈನ ಪರಂಪರೆಯಲ್ಲಿ ಋಷಭ ಧರ್ಮತೀರ್ಥವನ್ನು ಶುರು ಮಾಡಿದವನಾದರೆ, ಶ್ರೇಯಾಂಸ ದಾನತೀರ್ಥವನ್ನು ಶುರು ಮಾಡಿದವನು. ಅವನು ದೊಡ್ಡ ತಪಸ್ವಿ ಎಂದು ಹೆಸರಾದವನಲ್ಲ, ಯುದ್ಧ ಗೆದ್ದು ಹೆಸರಾದವನೂ ಅಲ್ಲ. ಎಲ್ಲರೂ ರತ್ನ ಹಿಡಿದು ನಿಂತಾಗ ಹಸಿವಿಗೆ ಏನು ಬೇಕು ಅಂತ ಅವನಿಗೆ ಹೊಳೆಯಿತು. ರತ್ನಕ್ಕಿಂತ ಕಬ್ಬಿನ ಹಾಲು ಮೇಲು. ಶ್ರೇಯಸ್ ಅಂದರೆ ಎರಡರಲ್ಲಿ ಮೇಲಾದದ್ದು ಅಂದೆನಲ್ಲ, ವ್ಯಾಕರಣವೂ ಕತೆಯೂ ಇಲ್ಲಿ ಕೈ ಹಿಡಿಯುತ್ತವೆ. ಇವತ್ತು ಅಕ್ಷಯ ತದಿಗೆ ಅಂದರೆ ಚಿನ್ನದಂಗಡಿಯ ಮುಂದೆ ಸಾಲು. ಅದೇ ದಿನ ವರ್ಷವಿಡೀ ಉಪವಾಸದ ವ್ರತ ಹಿಡಿದ ಜೈನರು ಕಬ್ಬಿನ ಹಾಲು ಕುಡಿದು ವ್ರತ ಬಿಡುತ್ತಾರೆ. ಒಂದೇ ದಿನದಲ್ಲಿ ರತ್ನವೂ ಇದೆ, ಕಬ್ಬೂ ಇದೆ.

ಈಗ ಕಲ್ಪೆಟ್ಟದ ಮನೆಯನ್ನು ಮತ್ತೊಮ್ಮೆ ನೆನೆಯಿರಿ. ಪುರಾಣದಲ್ಲಿ ಮರುದೇವಿಯ ಮಗನ ಹಸಿವು ನೀಗಿದವನು ಶ್ರೇಯಾಂಸ. ಕಲ್ಪೆಟ್ಟದ ಮನೆಯಲ್ಲಿ ಅಜ್ಜಿ ಮರುದೇವಿ, ಮೊಮ್ಮಗ ಶ್ರೇಯಾಂಸ. ಒಂದೇ ಪುರಾಣದ ಬುಟ್ಟಿಯಿಂದ ತಲೆಮಾರುಗಟ್ಟಲೆ ಹೆಸರು ಎತ್ತುತ್ತಾ ಬಂದರೆ ಇಂಥ ಜೋಡಣೆ ಸಹಜವಾಗಿ ಆಗಿಬಿಡುತ್ತೆ. ಆದರೆ ಕತೆ ಗೊತ್ತಿದ್ದವರಿಗೆ ಮಾತ್ರ ಅದು ಕಾಣಿಸುತ್ತೆ.

4. ಹೆಸರಿಡುವ ಕ್ರಮ

ಹೆಸರು ಆರಿಸುವುದಕ್ಕೂ ಆದಿಪುರಾಣದಲ್ಲಿ ಒಂದು ಕ್ರಮ ಹೇಳಿದೆ. ಜಿನಸೇನ ಗೃಹಸ್ಥನ ಬದುಕಿಗೆ 53 ಕ್ರಿಯೆಗಳನ್ನು ಪಟ್ಟಿ ಮಾಡುತ್ತಾನೆ. ಅದರಲ್ಲಿ ಏಳನೆಯದು ನಾಮಕರ್ಮ. ಮಗು ಹುಟ್ಟಿ ಹನ್ನೆರಡು ದಿನದ ಮೇಲೆ ಮಾಡುವಂಥದ್ದು. ಜಿನನ 1008 ಹೆಸರುಗಳನ್ನು ಚೀಟಿಯಲ್ಲಿ ಬರೆದು ಮಡಕೆಯಲ್ಲಿ ಹಾಕಿ, ಅದರಿಂದ ಒಂದನ್ನು ಎತ್ತುವ ವಿಧಾನವೂ ಅಲ್ಲಿದೆ. ನಕ್ಷತ್ರದ ಅಕ್ಷರ ಹಿಡಿದು ಹುಡುಕುವ ಈಗಿನ ಪದ್ಧತಿಗೆ ಹೋಲಿಸಿ ನೋಡಿ. ಇಲ್ಲಿ ಹೆಸರು ಮಗುವಿನ ಗ್ರಹಗತಿಯಿಂದ ಬರುವುದಿಲ್ಲ. ಸಮುದಾಯ ಕೂಡಿಟ್ಟ ಮಡಕೆಯಿಂದ ಬರುತ್ತೆ.

ಆದರೆ ಪುಸ್ತಕದ ವಿಧಿ ಬೇರೆ, ಬದುಕಿನ ರೂಢಿ ಬೇರೆ. ಹಳಗನ್ನಡ ಕಾಲದ ಜೈನರೆಲ್ಲ ತೀರ್ಥಂಕರರ ಹೆಸರು ಇಟ್ಟುಕೊಂಡಿರಲಿಲ್ಲ. ಪಂಪ, ಪೊನ್ನ, ರನ್ನ, ಜನ್ನ. ಬೂತುಗ, ಚಾವುಂಡರಾಯ, ಅತ್ತಿಮಬ್ಬೆ. ಇವೆಲ್ಲ ನಾಲಗೆಯ ಮೇಲೆ ಉರುಳಿ ನುಣುಪಾದ ಹೆಸರುಗಳು. ಅಜಿತನಾಥನ ಪುರಾಣ ಬರೆದ ರನ್ನ ತನ್ನ ಮಗನಿಗೆ ಅಜಿತ ಅಂತ ಇಡಲಿಲ್ಲ. ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದಿಟ್ಟ. ತನಗೆ ಅನ್ನ, ಆಶ್ರಯ ಕೊಟ್ಟ ಚಾವುಂಡರಾಯ, ದಾನಚಿಂತಾಮಣಿ ಅತ್ತಿಮಬ್ಬೆ ಇವರ ಋಣ ನೆನೆದು ಇಟ್ಟ ಹೆಸರುಗಳು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಲಕ್ಕುಂಡಿಯ 1007ರ ಶಾಸನ ಅವಳ ಬಸದಿಯದು. ಹೆಸರಿಗೂ ದಾನಕ್ಕೂ ಇರುವ ನಂಟು ಇಲ್ಲೂ ಕಾಣುತ್ತೆ. ರನ್ನ ಪುರಾಣದ ಶ್ರೇಯಾಂಸನನ್ನು ಬಿಟ್ಟು ತನ್ನ ಕಾಲದ 'ಶ್ರೇಯಾಂಸ'ರನ್ನು ಹಿಡಿದ ಎಂದು ಬೇಕಾದರೆ ಹೇಳಬಹುದು.

ಹಾಗಾಗಿ ಪದ್ಮಪ್ರಭ, ಶ್ರೇಯಾಂಸ ಇಂಥ ಅಚ್ಚ ಸಂಸ್ಕೃತ ಹೆಸರುಗಳನ್ನು ಮನೆಯ ಮಕ್ಕಳಿಗೆ ಇಡುವುದು ಅನಾದಿಯಿಂದ ನಡೆದುಬಂದದ್ದು ಅಂದುಕೊಳ್ಳಬೇಕಿಲ್ಲ. ಸಮುದಾಯಕ್ಕೆ ತಾನು ಯಾರು ಎಂದು ಗಟ್ಟಿಯಾಗಿ ಹೇಳಿಕೊಳ್ಳಬೇಕು ಅನಿಸಿದಾಗ ಪುರಾಣದ ಪೂರ್ತಿ ಹೆಸರು ಬಳಕೆಗೆ ಬರುತ್ತೆ. ಸುತ್ತಲೂ ಬೇರೆ ಭಾಷೆ, ಬೇರೆ ಧರ್ಮ ಇರುವ ವಯನಾಡಿನಲ್ಲಿ ಹಾಗೆ ಅನಿಸುವುದಕ್ಕೆ ಕಾರಣ ಬೇಕಷ್ಟಿತ್ತು.

5. ವಯನಾಡು: ಬಸದಿ, ಬೀದಿ, ಮತ್ತು ಹೆಸರಿಲ್ಲದವರು

ವಯನಾಡಿನ ಜೈನ ನೆಲೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸುಲ್ತಾನ್ ಬತ್ತೇರಿಯ ಬಸದಿ ವಿಜಯನಗರ ಶೈಲಿಯ ಕಲ್ಲುಕಟ್ಟಡ. ಟಿಪ್ಪು ಅದನ್ನು ಮದ್ದುಗುಂಡಿನ ಉಗ್ರಾಣವಾಗಿ ಬಳಸಿದ್ದರಿಂದ ಊರಿಗೆ ಈಗಿನ ಹೆಸರು ಬಂತು. ಅದಕ್ಕೂ ಮುಂಚೆ ಆ ಊರಿಗಿದ್ದ ಹೆಸರುಗಳಲ್ಲಿ ಒಂದು 'ಹನ್ನೆರಡು ಬೀದಿ'. ಅಚ್ಚಗನ್ನಡ. ಪನಮರಂ ಹತ್ತಿರ ಪುಂಚವಯಲಿನಲ್ಲಿ ಹಾಳುಬಿದ್ದ ಕಲ್ಲಿನ ಗುಡಿಗಳಿವೆ. ಜನ ಅವನ್ನು ಜನಾರ್ದನಗುಡಿ, ವಿಷ್ಣುಗುಡಿ ಅನ್ನುತ್ತಾರೆ. ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲೆಯಲ್ಲಿ ಅನಂತನಾಥಸ್ವಾಮಿ ಬಸದಿ ಇದೆ. ಹದಿನಾಲ್ಕನೆಯ ತೀರ್ಥಂಕರ ಅನಂತನಾಥ; 1230ರಲ್ಲಿ ಜನ್ನ ಪುರಾಣ ಬರೆದದ್ದು ಇವನ ಮೇಲೆಯೇ. 1799ರವರೆಗೆ ವಯನಾಡು ಮೈಸೂರಿನ ನೆರಳಲ್ಲಿತ್ತು, ಆಮೇಲೆ ಮಲಬಾರಾಯಿತು, 1956ರಲ್ಲಿ ಕೇರಳವಾಯಿತು, 1980ರಲ್ಲಿ ಜಿಲ್ಲೆಯಾಯಿತು. ರಾಜ್ಯ ಬದಲಾಯಿತು, ಲಿಪಿ ಬದಲಾಯಿತು. ಬಸದಿ ಮತ್ತು ಹೆಸರು ಉಳಿದವು.

ಆದರೆ ಇಲ್ಲೊಂದು ಮಾತು ಹೇಳದೆ ಮುಂದೆ ಹೋದರೆ ಚರಿತ್ರೆಗೆ ಮೋಸವಾಗುತ್ತೆ. ಪುರಾಣದ ಹೆಸರು ಎಲ್ಲರಿಗೂ ಸಿಗುತ್ತಿರಲಿಲ್ಲ. ವಯನಾಡಿನ ಗದ್ದೆ ತೋಟಗಳಲ್ಲಿ ದುಡಿದ ಅಡಿಯರು, ಪಣಿಯರು ಬಹುಕಾಲ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಜೀತಕ್ಕೆ ನಿಶ್ಚಯವಾಗುತ್ತಿದ್ದವರು. ಅವರ ಹೆಸರುಗಳು ಕಾಳನ್, ಕರಿಯನ್. ಗದ್ದಿಕ ಕಲೆಯ ದೊಡ್ಡ ಹೆಸರು ಪಿ.ಕೆ. ಕಾಳನ್ ಅವರೇ ಇದ್ದರಲ್ಲ. ಭೂಮಿ ಇದ್ದವರಿಗೆ ಪದ್ಮಪ್ರಭ, ಭೂಮಿ ಇಲ್ಲದವರಿಗೆ ಮೈಬಣ್ಣ. ಕಾಳನ್ ಎಂಬ ಹೆಸರು ಕೀಳು ಅಂತ ನಾನು ಹೇಳ್ತಾ ಇಲ್ಲ. ಅದಕ್ಕೂ ಅದರದೇ ಘನತೆ ಇದೆ, ಅವರು ಅದನ್ನು ಎತ್ತಿಹಿಡಿದು ತೋರಿಸಿದರು. ಆದರೆ ಮಕ್ಕಳಿಗೆ ಯಾವ ಹೆಸರಿಡಬಹುದು ಅನ್ನುವ ಆಯ್ಕೆಯೇ ಒಂದು ಸ್ವತ್ತಾಗಿತ್ತು ಅನ್ನುವುದನ್ನು ಮರೆಯಬಾರದು. ದಾನದ ಹೆಸರು ಹೊತ್ತ ಕತೆಯನ್ನು ಹೇಳುವಾಗ, ಅನ್ನ ಬೆಳೆದವರು ಯಾರು ಅಂತಲೂ ಕೇಳಿಕೊಳ್ಳಬೇಕು.

6. ಶ್ರೇಯಸ್ ಹೇಗೆ ಎಲ್ಲರದಾಯಿತು?

ಇವತ್ತು ಆ ಬೇಲಿ ಬಹಳಷ್ಟು ಮುರಿದಿದೆ. ಶ್ರೇಯಸ್, ಶ್ರೇಯಾ ಯಾವ ಜಾತಿ ಅಂತ ಹಾಜರಿ ಕೂಗುವ ಮೇಷ್ಟ್ರಿಗೆ ಗೊತ್ತಾಗುವುದಿಲ್ಲ. ಮುಂಬೈಯ ಕ್ರಿಕೆಟಿಗ ಶ್ರೇಯಸ್ ಅಯ್ಯರ್, ನಮ್ಮ ಬೆಂಗಳೂರಿನ ಶ್ರೇಯಸ್ ಗೋಪಾಲ್, ಮರಾಠಿ ನಟ ಶ್ರೇಯಸ್ ತಲ್ಪಡೆ, ಬಂಗಾಳದ ಗಾಯಕಿ ಶ್ರೇಯಾ ಘೋಷಾಲ್. ಇವರಲ್ಲಿ ಯಾರಿಗೂ ಹೆಸರು ಜೈನ ಮಡಕೆಯಿಂದ ಬಂದದ್ದಲ್ಲ.

ಈ ಹೆಸರು ಇಷ್ಟು ಹರಡಿದ್ದಕ್ಕೆ ನನಗೆ ಕಾಣುವ ಕಾರಣಗಳು ನಾಲ್ಕು. ಒಂದು, ಚಿಕ್ಕದು, ಕುಮಾರ್, ಪ್ರಸಾದ್‌ಗಳ ಬಾಲ ಬೇಡ. ಎರಡು, ಯಾವ ದೇವರ ಹೆಸರೂ ನೇರವಾಗಿ ಇಲ್ಲ, ಆದರೂ ಮಂಗಳಕರ. ಅಜ್ಜಿಗೂ ಒಪ್ಪಿಗೆ, ಮೊಮ್ಮಗಳಿಗೂ ಒಪ್ಪಿಗೆ. ಮೂರು, ಗಂಡಿಗೂ ಹೆಣ್ಣಿಗೂ ಹೊಂದುವ ಜೋಡಿರೂಪ ಇದೆ. ನಾಲ್ಕು, ಅದು ಕನ್ನಡ, ಮರಾಠಿ, ಬಂಗಾಳಿ ಎಲ್ಲದರಲ್ಲೂ ಮನೆಯ ಪದದ ಹಾಗೆ ಕೇಳಿಸುತ್ತೆ, ಆದರೆ ಯಾವುದರ ಸ್ವಂತದ್ದೂ ಅಲ್ಲ.

ಈ ನಾಲ್ಕು ಗುಣಗಳೂ ಹೆಸರಿಗೆ ಬಂದದ್ದು ಕತೆಯನ್ನು ಕೆಳಗಿಳಿಸಿದ ಮೇಲೆ. ಶ್ರೇಯಾಂಸ ಅಂದರೆ 'ಯಾರು?' ಎಂದು ಕೇಳಬೇಕು. ಶ್ರೇಯಸ್ ಅಂದರೆ 'ಏನು?' ಎಂದು ಕೇಳಿದರೆ ಸಾಕು. ವ್ಯಕ್ತಿಯ ಹೆಸರಾಗಿದ್ದದ್ದು ಒಂದು ಒಳ್ಳೆಯ ಗುಣದ ಹೆಸರಾಯಿತು. ಹಗುರವಾದದ್ದು ಬೇಗ ಹರಡುತ್ತೆ. ಇದರಲ್ಲಿ ನಷ್ಟವೂ ಇದೆ, ಲಾಭವೂ ಇದೆ. ಎಲ್ಲ ಜಾತಿಯ ಮಕ್ಕಳಿಗೂ ಸಿಕ್ಕಿತಲ್ಲ, ಅದು ಲಾಭ.

7. 'ಸ' ಮತ್ತು 'ಶ'

ಕೊನೆಯದಾಗಿ ಒಂದು ಅಕ್ಷರದ ಜಗಳ. ಉತ್ತರದಲ್ಲಿ ಈಗ 'ಶ್ರೇಯಾಂಶ್' ಅಂತ ಇಡುತ್ತಾರೆ. ಶ್ರೇಯ ಮತ್ತು ಅಂಶ ಸೇರಿ 'ಶ್ರೇಯಸ್ಸಿನ ಒಂದು ಭಾಗ' ಎಂದು ಅರ್ಥ ಹೇಳುತ್ತಾರೆ. ಹೊಸ ಹೆಸರಾಗಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಪುರಾಣದ ಹೆಸರು 'ಸ'ಕಾರದ್ದು. ಹಿಂದಿ ಸೀಮೆಯ ಸಾಹು ಶ್ರೇಯಾಂಸ ಪ್ರಸಾದ ಜೈನ್ ಅವರಂಥ ಹಿರಿಯರ ಹೆಸರಿನಲ್ಲೂ 'ಸ' ಇದೆ. ಅಂದಹಾಗೆ ಸಂಸ್ಕೃತದಲ್ಲಿ 'ಅಂಸ' ಅಂದರೆ ಹೆಗಲು. ಬಿಡಿಸಲೇಬೇಕು ಅನ್ನುವವರು 'ಒಳ್ಳೆಯ ಹೆಗಲಿನವನು' ಅಂತ ಬೇಕಾದರೆ ಬಿಡಿಸಿಕೊಳ್ಳಲಿ, ಅದೇ ಚಂದ.

ಇದು ಪಂಡಿತರ ತಕರಾರು ಮಾತ್ರ ಅಲ್ಲ. ನನ್ನ ಪರಿಚಯದ ಇಲ್ಲಿನ ಒಂದು ಮನೆಯಲ್ಲಿ ಮಗುವಿನ ಹೆಸರು ಬರೆಸುವಾಗ ಇದೇ ಚರ್ಚೆ ಎದ್ದಿತ್ತು. ದೊಡ್ಡವರು 'ಶ್ರೇಯಾಂಸ' ಅನ್ನುತ್ತಾರೆ. ಹೊರಗೆ ಕೆಲಸದಲ್ಲಿರುವ ತಂದೆಗೆ, 'ಎಲ್ಲರೂ ಶ್ರೇಯಾಂಶ್ ಅಂತಲೇ ಬರೀತಾರೆ, ನಾಳೆ ಮಗು ಎಲ್ಲ ಕಡೆ ತಿದ್ದಿಸ್ತಾ ಕೂರಬೇಕು' ಅನ್ನುವ ಚಿಂತೆ. ಎರಡೂ ನ್ಯಾಯವೇ. ನನ್ನನ್ನು ಕೇಳಿದಾಗ ನಾನು ವ್ಯಾಕರಣ ಹೇಳಲಿಲ್ಲ. ಕಬ್ಬಿನ ಹಾಲಿನ ಕತೆ ಹೇಳಿದೆ. 'ಶ' ಅಂತ ಬರೆದರೆ ಮಗು ನಿಘಂಟಿಗೆ ಹೋಗುತ್ತೆ, 'ಸ' ಅಂತ ಬರೆದರೆ ಹಸ್ತಿನಾಪುರಕ್ಕೆ ಹೋಗುತ್ತೆ ಅಂದೆ. ಆ ಮನೆಯಲ್ಲಿ 'ಸ' ಉಳಿಯಿತು.

ಚರ್ಚೆಯಿಂದ

ಒಬ್ಬರ ಪ್ರಶ್ನೆ: ಹೆಸರಿನ ಕತೆ ಗೊತ್ತಿಲ್ಲದಿದ್ದರೆ ಮಗುವಿಗೆ ಏನು ನಷ್ಟ?

ಮಗುವಿಗೆ ತಕ್ಷಣ ಏನೂ ನಷ್ಟವಿಲ್ಲ ಸರ್. ನಷ್ಟ ಸಮುದಾಯಕ್ಕೆ. ವಯನಾಡಿನಂಥ ಕಡೆ ಕನ್ನಡ ಓದುವ ಮಕ್ಕಳು ಕಡಿಮೆ. ಪಂಪನನ್ನು ಅವರು ಪಠ್ಯದಲ್ಲಿ ಓದುವುದಿಲ್ಲ. ಅವರ ಬಳಿ ಇರುವ ಪಂಪ ಅಂದರೆ ಮನೆಯ ಹೆಸರುಗಳೇ. ಹೆಸರಿನ ಜೊತೆ ಕತೆಯನ್ನೂ ಹೇಳಿದರೆ ಮಗು ಆದಿಪುರಾಣದ ಒಂದು ಪುಟವನ್ನು ಮೈಮೇಲೆ ಹೊತ್ತು ಓಡಾಡುತ್ತೆ. ಹೇಳದಿದ್ದರೆ ಅದು ಬರೀ ಸದ್ದು.

ಇನ್ನೊಬ್ಬರ ಪ್ರಶ್ನೆ: ಜೈನರಲ್ಲದವರು ಶ್ರೇಯಾಂಸ ಅಂತ ಇಡಬಹುದೇ?

ಧಾರಾಳವಾಗಿ ಇಡಬಹುದಮ್ಮ. ಭರತ ಅನ್ನುವ ಹೆಸರು ಋಷಭನ ಮಗನದೂ ಹೌದು, ದುಷ್ಯಂತನ ಮಗನದೂ ಹೌದು. ಅನಂತ ಪುಳಿಯಾರ್‌ಮಲೆಯಲ್ಲೂ ಇದ್ದಾನೆ, ತಿರುವನಂತಪುರದಲ್ಲೂ ಇದ್ದಾನೆ. ಹೆಸರಿಗೆ ಬೇಲಿ ಹಾಕುವುದು ನನ್ನ ಉದ್ದೇಶವಲ್ಲ. ಇಟ್ಟವರು ಅಕ್ಷಯ ತದಿಗೆಯ ದಿನ ಮಗುವಿನ ಕೈಯಿಂದ ಯಾರಾದರೂ ಬಾಯಾರಿದವರಿಗೆ ಒಂದು ಲೋಟ ಕಬ್ಬಿನ ಹಾಲು ಕೊಡಿಸಿ. ಅರ್ಥ ವಿವರಿಸಲು ಬೇರೆ ಪುಸ್ತಕ ಬೇಕಾಗುವುದಿಲ್ಲ.

ನಿಮ್ಮ ಊರುಗಳಲ್ಲಿ ಇಂಥ ಪೂರ್ತಿ ಹೆಸರುಗಳು ಎಲ್ಲೆಲ್ಲಿ ಉಳಿದಿವೆ, ಅವುಗಳ ಜೊತೆ ಮನೆಯ ಹಿರಿಯರು ಯಾವ ಕತೆ ಹೇಳುತ್ತಾರೆ, ಬರೆದು ಕಳಿಸಿ. ಹಿರಿಯರು ಇರುವಾಗಲೇ ಕೇಳಿ.